ಪದ ಪರಿಚಯ: ಹಕ್ಕಿನ ಅರಿವು

ಬೌದ್ಧಿಕ ವಿಕಲತೆ ಇರುವ ಮಗುವನ್ನು ನೋಡಿಕೊಳ್ಳುವವರನ್ನು ‘ನಿಮ್ಮ ಮಗುವಿನ ಹಕ್ಕುಗಳು ಏನೇನು?’ ಅಂತ ಕೇಳಿದರೆ, ಮೊದಲು ಬರುವ ಉತ್ತರ ಪ್ರಮಾಣಪತ್ರ, ಧನಸಹಾಯ, ಶಾಲೆಯಲ್ಲಿ ಸೀಟು, ಥೆರಪಿ. ತಪ್ಪೇನಿಲ್ಲ. ಇವಕ್ಕೆಲ್ಲ ಓಡಾಡಿ ಚಪ್ಪಲಿ ಸವೆಸಿದವರು ಅವರೇ. ಆದರೆ ಇದು ಸೌಲಭ್ಯದ ಅರಿವು. ಹಕ್ಕಿನ ಅರಿವು ಇದಕ್ಕಿಂತ ದೊಡ್ಡದು. ಈ ಹಕ್ಕುಗಳು ಮಗುವಿನವು, ನನ್ನವಲ್ಲ. ಕೆಲವೊಮ್ಮೆ ನನ್ನ ಎದುರಲ್ಲೂ ಅವು ನಿಲ್ಲುತ್ತವೆ ಅಂತ ತಿಳಿದಿರುವುದೇ ಹಕ್ಕಿನ ಅರಿವು.

ಕಲಿಯುವುದು, ಯೋಚಿಸುವುದು, ದಿನದ ಕೆಲಸ ತಾನೇ ಮಾಡಿಕೊಳ್ಳುವುದು, ಇವೆಲ್ಲ ವಯಸ್ಸಿಗೆ ತಕ್ಕಂತೆ ಕೈಗೂಡದೇ ಇರುವುದಕ್ಕೆ ಬೌದ್ಧಿಕ ವಿಕಲತೆ ಅನ್ನುತ್ತೇವೆ. ಬೆಳೆಯುವ ವಯಸ್ಸಿನಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಇದು ಮಾನಸಿಕ ಕಾಯಿಲೆ ಅಲ್ಲ. ‘ಬುದ್ಧಿಮಾಂದ್ಯ’ ಅನ್ನುವ ಹಳೆಯ ಪದವನ್ನು ಬಿಟ್ಟುಬಿಡುವುದು ಒಳ್ಳೆಯದು. ಇನ್ನು ಆರೈಕೆದಾರರು ಅಂದರೆ ಅಪ್ಪ ಅಮ್ಮ ಮಾತ್ರ ಅಲ್ಲ. ಅಜ್ಜಿ, ಅಕ್ಕ, ಸಂಬಳಕ್ಕೆ ಬರುವ ಆಯಾ, ಎಲ್ಲರೂ ಸೇರುತ್ತಾರೆ.

1971ರಲ್ಲಿ ವಿಶ್ವಸಂಸ್ಥೆ ಬೌದ್ಧಿಕ ವಿಕಲತೆ ಇರುವವರ ಹಕ್ಕುಗಳ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಉಳಿದವರ ಹಕ್ಕುಗಳೇ ಇವರಿಗೂ ಇವೆ ಎಂದಿತು, ಆದರೆ ‘ಸಾಧ್ಯವಾದಷ್ಟು ಮಟ್ಟಿಗೆ’ ಅಂತ ಸೇರಿಸಿತು. ವಿಶ್ವಸಂಸ್ಥೆಯದೇ ಆದ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ (ದೇಶಗಳು ಒಪ್ಪಿ ನಡೆಯಬೇಕಾದ ಒಪ್ಪಂದ), ವಿಕಲತೆಯ ಕಾರಣಕ್ಕೆ ಮಗುವಿಗೆ ತಾರತಮ್ಯ ಮಾಡಬಾರದು ಅಂತ ಬಿಡಿಸಿ ಹೇಳಿತು. ಆಮೇಲೆ ಬಂದದ್ದು 2006ರ ವಿಕಲಚೇತನರ ಹಕ್ಕುಗಳ ಒಡಂಬಡಿಕೆ. ಅದರ 7ನೇ ವಿಧಿ ಮಕ್ಕಳಿಗೇ ಮೀಸಲು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ಪ್ರೌಢತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು. ಹಾಗೆ ಹೇಳಲು ಬೇಕಾದ ನೆರವೂ ಮಗುವಿಗೆ ಸಿಗಬೇಕು. ಈ ಕೊನೆಯ ಮಾತು ನನಗೆ ತುಂಬಾ ಮುಖ್ಯ. ‘ಅವನಿಗೆ ಹೇಳೋಕೆ ಬರಲ್ಲ’ ಅನ್ನುವಲ್ಲಿಗೆ ಮಾತು ಮುಗಿಯುವುದಿಲ್ಲ. ಬರದಿದ್ದರೆ ನೆರವು ಕೊಡಬೇಕು.

ಆ ನೆರವು ಹೇಗಿರುತ್ತದೆ? ಡಾಕ್ಟರ ಕೋಣೆಯನ್ನು ನೆನೆಸಿಕೊಳ್ಳಿ. ಡಾಕ್ಟರು ಅಮ್ಮನ ಮುಖ ನೋಡಿ ‘ಎಲ್ಲಿ ನೋವಂತೆ?’ ಅನ್ನುತ್ತಾರೆ. ಅಮ್ಮ ಉತ್ತರ ಕೊಡುತ್ತಾಳೆ. ಮಗು ಪಕ್ಕದಲ್ಲೇ ಕೂತಿರುತ್ತದೆ. ಅದರ ಬದಲು ಅಮ್ಮ ‘ಅವನನ್ನೇ ಕೇಳಿ’ ಅಂದು, ದೇಹದ ಒಂದು ಚಿತ್ರವನ್ನು ಮಗುವಿನ ಮುಂದಿಟ್ಟು ಸುಮ್ನೆ ಕಾಯಬಹುದು. ಮನಸ್ಸಲ್ಲೇ ಹತ್ತರವರೆಗೆ ಎಣಿಸಬೇಕು. ಆ ಹತ್ತು ಸೆಕೆಂಡು ತುಂಬಾ ಉದ್ದ ಅನಿಸುತ್ತದೆ, ಮಧ್ಯೆ ಬಾಯಿ ಹಾಕಬೇಕು ಅನಿಸುತ್ತದೆ. ಆದರೆ ಎಷ್ಟೋ ಮಕ್ಕಳಿಗೆ ಪ್ರಶ್ನೆ ಒಳಗೆ ಇಳಿದು ಉತ್ತರ ಹೊರಗೆ ಬರಲು ಅಷ್ಟು ಹೊತ್ತು ಬೇಕೇ ಬೇಕು. ಆಮೇಲೆ ಒಂದು ಬೆರಳು ನಿಧಾನವಾಗಿ ಮೇಲೆದ್ದು ಕಿವಿಯ ಮೇಲೆ ನಿಲ್ಲುತ್ತದೆ.

ಹಕ್ಕಿನ ಅರಿವಿಗೆ ದೊಡ್ಡ ಅಡ್ಡಿ ಆಗುವುದು ಒಂದು ಸಾಮಾನ್ಯ ಮಾತು: ‘ವಯಸ್ಸು ಹದಿನಾಲ್ಕು, ಬುದ್ಧಿ ಮೂರು ವರ್ಷದ್ದು.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಹುಡುಗಿ ಹದಿನಾಲ್ಕು ವರ್ಷ ಬದುಕಿದ್ದಾಳೆ. ಅವಳ ಮೈ ಬದಲಾಗಿದೆ, ನಾಚಿಕೆ ಬಂದಿದೆ. ಆದರೂ ಬಾಗಿಲು ತೆರೆದಿಟ್ಟೇ ಅವಳ ಬಟ್ಟೆ ಬದಲಿಸುತ್ತಾರೆ, ಅಣ್ಣ ಅದೇ ದಾರಿಯಲ್ಲಿ ಓಡಾಡುತ್ತಾನೆ. ‘ಅವಳಿಗೇನು ಗೊತ್ತಾಗುತ್ತೆ’ ಅಂತಾರೆ. ಖಾಸಗಿತನವೂ ಎರಡೂ ಒಡಂಬಡಿಕೆಗಳಲ್ಲಿರುವ ಹಕ್ಕು. ಬಾಗಿಲು ಮುಚ್ಚಲು, ‘ಈಗ ಅಂಗಿ ತೆಗೀತೀನಿ, ಸರಿನಾ?’ ಅಂತ ಕೇಳಲು ಖರ್ಚೇನೂ ಇಲ್ಲ. ಸುರಕ್ಷತೆಯೂ ಇಲ್ಲೇ ಇದೆ. ಯಾರು ಬೇಕಾದರೂ ತನ್ನ ಮೈ ಮುಟ್ಟಬಹುದು ಅಂತ ಮನೆಯಲ್ಲೇ ಕಲಿತ ಮಗು, ಹೊರಗೆ ಯಾರಾದರೂ ಕೆಟ್ಟದಾಗಿ ಮುಟ್ಟಿದಾಗ ಬೇಡ ಅನ್ನುವುದನ್ನು ಎಲ್ಲಿಂದ ಕಲಿಯಬೇಕು?

ಹಾಗಂತ ಮಗು ಹೇಳಿದ್ದೆಲ್ಲ ನಡೆಯಬೇಕು ಅಂತ ಅರ್ಥವಲ್ಲ. ಫಿಟ್ಸ್ ಮಾತ್ರೆ ಬೇಡ ಅಂದರೂ ಕೊಡಲೇಬೇಕು, ರಸ್ತೆಯಲ್ಲಿ ಕೈ ಹಿಡಿಯಲೇಬೇಕು. ಆದರೆ ಮಾತ್ರೆ ನೀರಿನ ಜೊತೆಗೋ ಹಾಲಿನ ಜೊತೆಗೋ ಅಂತ ಕೇಳಬಹುದಲ್ವಾ? ಮಗು ಬೆಳೆದಂತೆ ಕೇಳುವ ಪ್ರಶ್ನೆಯೂ ಬೆಳೆಯಬೇಕು.

ಇದನ್ನೆಲ್ಲ ಆರೈಕೆದಾರರಿಗೆ ಹೇಳುವವರು ಯಾರು? ಬಹಳ ಸಲ ಯಾರೂ ಹೇಳಿರುವುದಿಲ್ಲ. ರಾತ್ರಿ ನಿದ್ದೆಗೆಟ್ಟು ಹಗಲು ದುಡಿಯುವ ತಾಯಿಗೆ ‘ನಿಮಗೆ ಅರಿವಿಲ್ಲ’ ಅಂತ ಬೈಯುವುದು ಅನ್ಯಾಯ. 2006ರ ಒಡಂಬಡಿಕೆಯ 23ನೇ ವಿಧಿಯ ಪ್ರಕಾರ, ಮಗುವಿಗೂ ಕುಟುಂಬಕ್ಕೂ ಮಾಹಿತಿ, ಸೇವೆ, ಬೆಂಬಲವನ್ನು ಬೇಗನೆ ಒದಗಿಸುವುದು ಸರ್ಕಾರದ ಹೊಣೆ. ಮಗುವಿನ ಸ್ಥಿತಿ ಏನು ಅಂತ ತಿಳಿಸುವ ದಿನ, ಅದೇ ಮೇಜಿನ ಮೇಲೆ, ಅದೇ ಸಮಾಧಾನದ ದನಿಯಲ್ಲಿ ಈ ಮಾತೂ ಆ ತಾಯಿಗೆ ಸಿಗಬೇಕಿತ್ತು.