ಮಗುವಿನ ಕೈ ಗಿಡ್ಡ, ಮೊಬೈಲ್ ಹತ್ತಿರ

"ಡಾಕ್ಟ್ರೇ, ಮೊಬೈಲ್ ಬೆಳಕಿಗೆ ಕಣ್ಣು ಹಾಳಾಗುತ್ತಂತೆ. ಬ್ಲೂ ಲೈಟ್ ಕನ್ನಡಕ ಮಾಡಿಸೋಣ್ವಾ?" ಕಣ್ಣು ತೋರಿಸಲು ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ ಇದು. ಬೇಡ, ಆ ದುಡ್ಡು ಉಳಿಸಿ. ಬಿಸಿಲಲ್ಲಿರುವ ನೀಲಿ ಬೆಳಕಿನ ಮುಂದೆ ಮೊಬೈಲಿನದ್ದು ಏನೇನೂ ಅಲ್ಲ. ಅದಕ್ಕಿಂತ ಮೊಬೈಲ್ ಎಷ್ಟು ಹತ್ತಿರ ಇದೆ ಅಂತ ನೋಡಿ.

ಮೂರು ವರ್ಷದ ಮಗು ಸೋಫಾ ಮೇಲೆ ಮಲಗಿ ಮೊಬೈಲ್ ನೋಡುವುದನ್ನು ಗಮನಿಸಿದ್ದೀರಾ? ಕೈ ಗಿಡ್ಡ. ಮೊಣಕೈ ಹೊಟ್ಟೆಗೆ ಊರಿರುತ್ತದೆ. ಮೊಬೈಲಿಗೂ ಮೂಗಿಗೂ ನಡುವೆ ಹೆಚ್ಚೆಂದರೆ ಒಂದು ಗೇಣು. ಅಷ್ಟು ಹತ್ತಿರದ್ದು ಸ್ಪಷ್ಟವಾಗಿ ಕಾಣಬೇಕಾದರೆ ಕಣ್ಣಿನೊಳಗಿನ ಸ್ನಾಯು ಬಿಗಿಯಾಗಿ, ಮಸೂರ ಉಬ್ಬಬೇಕು. 20 ಸೆಂಟಿಮೀಟರ್ ದೂರಕ್ಕೆ 5 ಪವರಿನಷ್ಟು ಕೆಲಸ. 3 ಮೀಟರ್ ಆಚೆಯ ಟಿವಿಗೆ ಅರ್ಧ ಪವರೂ ಬೇಡ. ತೋರಿಸಲೇಬೇಕು ಅಂದರೆ ಟಿವಿಯಲ್ಲೇ ತೋರಿಸಿ ಅಂತ ನಾನು ಹೇಳುವುದು ಇದಕ್ಕೇ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದಿದರೂ ಕಥೆ ಇಷ್ಟೇ, ಆದರೆ ಪುಸ್ತಕವನ್ನು ಯಾವ ಮಗುವೂ ಊಟ ಮುಗಿಯುವವರೆಗೆ ಬಿಡದೆ ನೋಡುವುದಿಲ್ಲ.

ಸದಾ ಹೀಗೆ ಹತ್ತಿರದ್ದನ್ನೇ ನೋಡುತ್ತಿದ್ದರೆ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯಬಹುದು. ಹುಟ್ಟಿದಾಗ ಅದು ಸುಮಾರು 17 ಮಿಲಿಮೀಟರ್ ಉದ್ದ. ದೊಡ್ಡವರಾಗುವ ಹೊತ್ತಿಗೆ 23-24. ಅದಕ್ಕಿಂತ ಒಂದೇ ಮಿಲಿಮೀಟರ್ ಜಾಸ್ತಿ ಬೆಳೆದರೂ ಎರಡೂವರೆ ಮೈನಸ್ ಪವರ್ ಬಂದುಬಿಡುತ್ತದೆ, ಅಂದರೆ ದೂರದ್ದು ಮಸುಕಾಗಿ ಕಾಣುತ್ತದೆ. ಹಾಗೆ ಉದ್ದವಾದ ಕಣ್ಣು ಮತ್ತೆ ಮೊದಲಿನಂತೆ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಮೈನಸ್ ಕನ್ನಡಕ ಇದ್ದರೆ ಇನ್ನೂ ಹುಷಾರಾಗಿರಬೇಕು.

ಈ ಬೆಳವಣಿಗೆಗೆ ಬ್ರೇಕ್ ಹಾಕುವುದು ಹಗಲಿನ ಬೆಳಕು. ಜೋರು ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಡೋಪಮೈನ್ ಎನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಗುಡ್ಡೆ ಉದ್ದವಾಗುವುದನ್ನು ತಡೆಯುತ್ತದೆ ಎನ್ನುವುದು ಸದ್ಯದ ತಿಳಿವಳಿಕೆ. ಲೈಟ್ ಹಾಕಿದ ಕೋಣೆಯಲ್ಲಿ 300-500 ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೆ, ಹೊರಗೆ ಮರದ ನೆರಳಲ್ಲೂ ಸಾವಿರಗಟ್ಟಲೆ ಇರುತ್ತದೆ. ತೈವಾನ್ 2010ರಲ್ಲಿ ಶಾಲೆ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ತಂದಿತು. ಅಲ್ಲಿ ವರ್ಷವರ್ಷ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಆಮೇಲೆ ಇಳಿಮುಖವಾಯಿತು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಟೆರೇಸಿಗಾದರೂ ಕರೆದುಕೊಂಡು ಹೋಗಿ. ಆಟ ಯಾವುದಾದರೂ ಪರವಾಗಿಲ್ಲ.

ಸ್ಕ್ರೀನ್ ಎಷ್ಟು ಹೊತ್ತು ಅಂತೀರಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ತುಂಬುವವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಇನ್ನು ಮಗು ಪದೇ ಪದೇ ಕಣ್ಣು ಉಜ್ಜುತ್ತಿದ್ದರೆ, ಸ್ಕ್ರೀನ್ ನೋಡುತ್ತಾ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿರಬಹುದು, ಅಲರ್ಜಿಯೂ ಇರಬಹುದು. ಸುಮ್ನೆ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಬೇಡಿ.

ಕಾಣಿಸುತ್ತಿಲ್ಲ ಅಂತ ಚಿಕ್ಕ ಮಕ್ಕಳು ಹೇಳುವುದಿಲ್ಲ. ಲೋಕ ಇರುವುದೇ ಹೀಗೆ ಅಂದುಕೊಂಡಿರುತ್ತವೆ. ಅದರಲ್ಲೂ ಒಂದೇ ಕಣ್ಣಿಗೆ ಪವರ್ ಇದ್ದರೆ ಇನ್ನೊಂದರಿಂದ ನೋಡಿಕೊಂಡು ಆರಾಮಾಗಿ ಇರುತ್ತವೆ. ಮನೆಯಲ್ಲೇ ಒಂದು ಕೆಲಸ ಮಾಡಿ. ಮಗು ಟಿವಿ ನೋಡುವಾಗ ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿ ರಂಪ ಮಾಡಿದರೆ ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ರಂಪ ಮಾಡದಿದ್ದರೂ ಶಾಲೆಗೆ ಸೇರಿಸುವ ಮೊದಲು ಒಂದು ಸಲ ಪರೀಕ್ಷೆ ಮಾಡಿಸಿ. ಅಕ್ಷರ ಬರಬೇಕು ಅಂತೇನಿಲ್ಲ, ಚಿತ್ರ ತೋರಿಸಿಯೂ ನೋಡುತ್ತೇವೆ.