‘ಮದ್ದು ಸೇವನೆ’ ಎಂದರೆ ಮುಗಿಯಿತೆ?

ಕ್ರೀಡಾಪಟುವಿಗೆ ನಿಷೇಧ ಬಿದ್ದರೆ ಸಾಕು, ‘ಉದ್ದೀಪನ ಮದ್ದು ಸೇವನೆ’ ಎಂಬ ತಲೆಬರಹ ಬಂದುಬಿಡುತ್ತದೆ. ಡೋಪಿಂಗ್ ಎಂದರೆ ಸೇವನೆಯಷ್ಟೇ ಅಲ್ಲ ಎಂದು ಎಷ್ಟು ಸಲ ಹೇಳುವುದು? ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಸಂಹಿತೆ ಪಟ್ಟಿ ಮಾಡಿರುವುದು 11 ಬಗೆಯ ಉಲ್ಲಂಘನೆಗಳನ್ನು. ‘ಉದ್ದೀಪನ’ವೂ ಪೂರ್ತಿ ಒಪ್ಪುವುದಿಲ್ಲ. ಶೂಟಿಂಗ್‌ನಲ್ಲಿ ನಿಷಿದ್ಧವಾದ ಬೀಟಾ ಬ್ಲಾಕರ್ ಎಂಬ ಔಷಧ ಉದ್ದೀಪಿಸುವ ಬದಲು ಎದೆಬಡಿತ ತಗ್ಗಿಸಿ ಕೈನಡುಕ ಕಡಿಮೆ ಮಾಡುತ್ತದೆ. ‘ಉದ್ದೀಪನ’ ರೂಢಿಗೆ ಬಂದ ಮಾತು, ಇರಲಿ. ಕಾಟ ಕೊಡುವುದು ‘ಸೇವನೆ’ ಎಂಬ ಪದ.

ಕುಸ್ತಿಪಟು ಬಜರಂಗ್ ಪೂನಿಯಾ ಪ್ರಕರಣ ನೋಡಿ. 2024ರ ಮಾರ್ಚ್‌ನಲ್ಲಿ ಸೋನೆಪತ್‌ನ ಆಯ್ಕೆ ಟ್ರಯಲ್ಸ್ ವೇಳೆ ಅವರು ಮೂತ್ರದ ಮಾದರಿ ಕೊಡಲಿಲ್ಲ. ಹಿಂದೊಮ್ಮೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ಸಿಬ್ಬಂದಿ ಅವಧಿ ಮೀರಿದ ಪರೀಕ್ಷಾ ಕಿಟ್ ತಂದಿದ್ದರು, ಅದಕ್ಕೆ ಉತ್ತರ ಕೊಡಿ ಎಂಬುದು ಅವರ ವಾದ. ನಾಡಾದ ಶಿಸ್ತು ಸಮಿತಿ ಒಪ್ಪದೆ ನವೆಂಬರ್‌ನಲ್ಲಿ 4 ವರ್ಷ ನಿಷೇಧಿಸಿತು. ಅಲ್ಲಿ ಯಾವ ಮದ್ದೂ ಪತ್ತೆಯಾಗಿರಲಿಲ್ಲ, ಪರೀಕ್ಷಿಸಲು ಮಾದರಿಯೇ ಇರಲಿಲ್ಲ. ಅಂಥವರನ್ನು ‘ಮದ್ದು ತಿಂದು ಸಿಕ್ಕಿಬಿದ್ದವರು’ ಎನ್ನುವುದು ಅನ್ಯಾಯ. ಹಾಗೆಂದು ಶಿಕ್ಷೆ ತಪ್ಪೆನ್ನುತ್ತಿಲ್ಲ. ಅಧಿಕಾರಿಯ ಕಣ್ಣೆದುರೇ ಮೂತ್ರ ಕೊಟ್ಟು, ಎ ಮತ್ತು ಬಿ ಬಾಟಲಿಗಳಿಗೆ ತುಂಬಿ, ಮುದ್ರೆ ಹಾಕಿಸಿ ಸಹಿ ಮಾಡುವ ಮುಜುಗರವನ್ನು ಎಲ್ಲರೂ ಸಹಿಸುತ್ತಾರೆ. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಕದ್ದು ಮದ್ದು ತೆಗೆದುಕೊಂಡವರೆಲ್ಲ ಅದೇ ದಾರಿ ಹಿಡಿಯುತ್ತಾರೆ.

‘ಗೊತ್ತಿಲ್ಲದೆ ತಿಂದರೆ ತಪ್ಪೇನು?’ ಎಂಬ ಪ್ರಶ್ನೆಯೂ ಈ ಪದದಿಂದಲೇ ಹುಟ್ಟಿದ್ದು. ಮೈಯಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಉಲ್ಲಂಘನೆ ಆದಂತೆಯೇ. ಗೊತ್ತಿತ್ತೋ ಇಲ್ಲವೋ ಎಂಬುದು ಶಿಕ್ಷೆಯ ಅವಧಿ ನಿರ್ಧರಿಸುವಾಗಿನ ಮಾತು. ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. 2011ರಲ್ಲಿ ಅವರ ಮತ್ತು ಜೊತೆಯ ಓಟಗಾರ್ತಿಯರ ಮಾದರಿಗಳಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯಲ್ಲಿ ಬೆರೆತಿತ್ತು ಎಂದರು. ನಾಡಾ ಸಮಿತಿ 1 ವರ್ಷದ ನಿಷೇಧಕ್ಕೆ ನಿಲ್ಲಿಸಿತು. ಮೇಲ್ಮನವಿಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು 2 ವರ್ಷಕ್ಕೆ ಏರಿಸಿತು. ಕೋಚ್ ಕೈಯಿಂದ ಬಂದದ್ದನ್ನು ಬೇಡವೆನ್ನಲು ಶಿಬಿರದ ಹುಡುಗಿಯರಿಗೆ ಎಷ್ಟು ಧೈರ್ಯವಿದ್ದೀತು? ಓದುವಾಗ ಹೊಟ್ಟೆ ಉರಿಯುತ್ತದೆ. ಆದರೂ ‘ನನಗೆ ಗೊತ್ತಿರಲಿಲ್ಲ’ ಎಂದವರನ್ನೆಲ್ಲ ಬಿಟ್ಟರೆ ಒಬ್ಬರನ್ನೂ ಹಿಡಿಯಲಾಗದು.

ಇನ್ನು, ಪರೀಕ್ಷೆಗೆ ಸಿಗುವಂತೆ ತಾವು ಇರುವ ಜಾಗ ತಿಳಿಸದಿರುವುದು. ಪರೀಕ್ಷೆಗೆಂದು ನೋಂದಾಯಿಸಿದ ಕ್ರೀಡಾಪಟುಗಳ ಪಟ್ಟಿಯಲ್ಲಿರುವವರು 12 ತಿಂಗಳಲ್ಲಿ 3 ಬಾರಿ ಮಾಹಿತಿ ಕೊಡದಿದ್ದರೂ, ಹೇಳಿದ ಜಾಗದಲ್ಲಿ ಸಿಗದಿದ್ದರೂ ಅದು ಡೋಪಿಂಗ್ ಉಲ್ಲಂಘನೆ. 2020ರಲ್ಲಿ ಕೆ.ಎಲ್. ರಾಹುಲ್ ಸೇರಿ ಐವರು ಕ್ರಿಕೆಟಿಗರಿಗೆ ನಾಡಾ ನೋಟಿಸ್ ಕೊಟ್ಟದ್ದು ಈ ಮಾಹಿತಿ ಬರಲಿಲ್ಲವೆಂದು. ಮಾಹಿತಿ ತುಂಬುವ ತಂತ್ರಾಂಶದ ಪಾಸ್‌ವರ್ಡ್ ತೊಂದರೆ ಎಂದಿತು ಬಿಸಿಸಿಐ. ಅಲ್ಲಿ ಸೇವನೆಯ ಪ್ರಶ್ನೆಯೇ ಇರಲಿಲ್ಲ.