ಟೋಕನಿಸಂ: ಲೆಕ್ಕಕ್ಕುಂಟು, ಆಟಕ್ಕಿಲ್ಲ

ನಗರದ ಕಥೆ ಅಂದಮೇಲೆ ಎಲ್ಲ ಥರದ ಜನ ಇರಬೇಕಲ್ವಾ? ಅದಕ್ಕೇ ಕಥೆಗಾರ ಒಬ್ಬ ಮುಸ್ಲಿಂ, ಒಬ್ಬ ದಲಿತ, ಒಬ್ಬ ಲಂಬಾಣಿ ಪಾತ್ರವನ್ನು ತಂದು ಕೂರಿಸುತ್ತಾನೆ. ಆದರೆ ಅವರಿಗೆ ಮಾಡಲು ಏನೂ ಕೊಡುವುದಿಲ್ಲ. ಇದಕ್ಕೇ ಟೋಕನಿಸಂ ಅನ್ನುತ್ತಾರೆ.

ಈ ಮಾತು ಜಾಸ್ತಿ ಓಡಾಡಿದ್ದು ಅಮೆರಿಕದ ವರ್ಣಭೇದದ ವಿರುದ್ಧ ನಡೆದ ಹೋರಾಟದ ಕಾಲದಲ್ಲಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಅನ್ನುವುದು ತಪ್ಪು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಆದರೆ ಅಮೆರಿಕದ ದಕ್ಷಿಣದ ಎಷ್ಟೋ ಊರುಗಳು ಬೆರಳೆಣಿಕೆಯ ಕಪ್ಪು ಮಕ್ಕಳನ್ನು ಸೇರಿಸಿಕೊಂಡು ಕೈತೊಳೆದುಕೊಂಡವು. ಮಾರ್ಟಿನ್ ಲೂಥರ್ ಕಿಂಗ್ 1962ರಲ್ಲಿ ಟೋಕನಿಸಂ ವಿರುದ್ಧವೇ ಒಂದು ಲೇಖನ ಬರೆದರು.

ಕಿಂಗ್ ಹತ್ಯೆಯಾದ ವರ್ಷ, ಅಂದರೆ 1968ರಲ್ಲಿ, ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಿದ್ದ ‘ಪೀನಟ್ಸ್’ ಕಾಮಿಕ್ಸಿಗೆ ಫ್ರಾಂಕ್ಲಿನ್ ಎಂಬ ಕಪ್ಪು ಹುಡುಗ ಬಂದ. ಅಂಥ ಪಾತ್ರ ಬೇಕು ಎಂದು ಓದುಗರೊಬ್ಬರು ಪತ್ರ ಬರೆದಿದ್ದರು. ಒಳ್ಳೆ ಮನಸ್ಸಿನಿಂದಲೇ ಹುಟ್ಟಿದ ಪಾತ್ರ, ಅನುಮಾನವಿಲ್ಲ. ಆದರೆ ಅದೇ ಕಾಮಿಕ್ಸಿನ 1973ರ ಟಿವಿ ಕಾರ್ಯಕ್ರಮದ ಊಟದ ದೃಶ್ಯ ನೋಡಿ. ಮೇಜಿನ ಒಂದು ಬದಿಗೆ ಫ್ರಾಂಕ್ಲಿನ್ ಒಬ್ಬನೇ ಕೂತಿದ್ದಾನೆ. ಜನ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಈಗ ಕಲಬುರಗಿಗೆ ಬರೋಣ. ನಮ್ಮೂರಿನ ಕಥೆ ಬರೆಯುವವರು ಬಂದೇನವಾಜ್ ದರ್ಗಾ, ಶರಣಬಸವೇಶ್ವರರ ಗುಡಿ, ಬುದ್ಧ ವಿಹಾರ ಮೂರನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿ, ವೈವಿಧ್ಯ ಬಂತು ಅಂದುಕೊಳ್ಳುತ್ತಾರೆ. ಆಮೇಲೆ ಒಬ್ಬ ಚಾಚಾ ಬರುತ್ತಾನೆ. ಬಿರಿಯಾನಿ ಕೊಡುತ್ತಾನೆ, ನಾಯಕನಿಗೆ ಬುದ್ಧಿ ಹೇಳುತ್ತಾನೆ, ಹೋಗುತ್ತಾನೆ. ಅವನ ಬಾಯಲ್ಲಿ ‘ನಮ್ದುಕೆ, ನಿಮ್ದುಕೆ’ ಅನ್ನೋ ಸಿನಿಮಾ ಕನ್ನಡ ಬೇರೆ! ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಸುಮ್ನೆ ಒಂದು ಗಂಟೆ ನಿಂತು ಕೇಳಿ. “ಏನ್ ಮಾಡ್ಲತ್ತೀರಿ, ನಾಷ್ಟಾ ಆಯ್ತೇನ್ರಿ?” ಅಂದವರು ಅಬ್ದುಲ್ಲೋ ಶರಣಪ್ಪನೋ, ನೋಡದೆ ಹೇಳೋದು ಕಷ್ಟ. ಅದೇ ಶರಣಪ್ಪ ಪಕ್ಕದ ಅಂಗಡಿಯವನ ಜೊತೆ ದಖ್ಖನಿ ಉರ್ದುವಿನಲ್ಲಿ ಚೌಕಾಶಿ ಮಾಡುತ್ತಿರುತ್ತಾನೆ. 1948ರ ತನಕ ಇದು ನಿಜಾಮರ ರಾಜ್ಯ. ಉರ್ದುವಿನಲ್ಲೇ ಶಾಲೆ ಕಲಿತ ಲಿಂಗಾಯತ ಅಜ್ಜಂದಿರು ಎಷ್ಟೋ ಮನೆಗಳಲ್ಲಿದ್ದರು.

ಹಾಗಾದರೆ ಟೋಕನ್ ಅಲ್ಲದ ಪಾತ್ರ ಹೇಗಿರುತ್ತದೆ? ಒಬ್ಬ ಟೇಲರ್ ಚಾಚಾನನ್ನೇ ತಗೊಳ್ಳಿ. ನರ್ಸಿಂಗ್ ಓದುವ ಲಂಬಾಣಿ ಹುಡುಗಿ ಅಂಗಡಿಗೆ ಬರುತ್ತಾಳೆ. ಕನ್ನಡಿ ಹಚ್ಚಿದ ಲಂಗ ಇಲ್ಲ, ಚೂಡಿದಾರ ಹಾಕಿದ್ದಾಳೆ.

“ಚಾಚಾ, ನಾಳೆ ಡ್ಯೂಟಿ ಅದ. ಯೂನಿಫಾರಂ ಇವತ್ತೇ ಬೇಕು.”

“ಗುಂಡಿ ಹಚ್ಚೋದಷ್ಟೇ ಉಳದದವ್ವ. ಸಂಜಿಕ್ ಬಾ.”

ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿಲ್ಲ. ಅದು ಅವಳಿಗೂ ಗೊತ್ತು. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ. ಇಲ್ಲಿ ಚಾಚಾನಿಗೆ ಸುಳ್ಳು ಹೇಳುವ ಸ್ವಾತಂತ್ರ್ಯ ಇದೆ, ಅವಳಿಗೆ ಹಟ ಮಾಡುವ ಸ್ವಾತಂತ್ರ್ಯ ಇದೆ. ಇಬ್ಬರೂ ತಮ್ಮ ಸಮುದಾಯದ ಪರವಾಗಿ ಒಳ್ಳೆಯವರಾಗಿರಬೇಕಿಲ್ಲ. ನನ್ನ ಕೇಳಿದರೆ, ಸದಾ ಒಳ್ಳೆಯವನಾಗಿಯೇ ಇರುವ ಚಾಚಾ ಖಳನಾಯಕ ಚಾಚಾನಷ್ಟೇ ಸಪ್ಪೆ.

ಹಾಗಂತ ಸಂಖ್ಯೆಯೂ ಲೆಕ್ಕಕ್ಕಿಲ್ಲ ಅಂತಲ್ಲ. ಗುಂಪಿನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಅವರು ಏನು ಮಾಡಿದರೂ ‘ಅವರ ಜನವೇ ಹೀಗೆ’ ಅಂತ ನೋಡುತ್ತಾರೆ ಎಂದು ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲೇ ಬರೆದರು. ಅವರು ನೋಡಿದ್ದು ಕಂಪನಿಯೊಂದರಲ್ಲಿ ಕೆಲಸ ಮಾಡುವ ಹೆಂಗಸರನ್ನು, ಆದರೆ ಕಥೆಗೂ ಈ ಮಾತು ಒಪ್ಪುತ್ತದೆ. ಕಥೆಯಲ್ಲಿ ಇಬ್ಬರು ಮುಸ್ಲಿಮರಿದ್ದು ಅವರೇ ಪರಸ್ಪರ ಜಗಳ ಆಡಿದರೆ ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ. ಬೆಂಗಳೂರಿನ ಕಥೆಗಳಲ್ಲಿ ಟೋಕನ್ ಆಗೋದು ನಾವೇ. ಕಟ್ಟಡ ಕೆಲಸಕ್ಕೋ ವಾಚ್‌ಮನ್ ಕೆಲಸಕ್ಕೋ ಬಂದ ಕಲಬುರಗಿಯವನು ‘ಯಪ್ಪಾ’ ಅಂದ ಕೂಡಲೇ ಓದುಗರು ನಗಬೇಕು. ಅವನು ಶೆಡ್ಡಿಗೆ ಎಷ್ಟು ಬಾಡಿಗೆ ಕಟ್ಟುತ್ತಾನೆ, ಊರಲ್ಲಿ ಈ ಸಲ ತೊಗರಿ ಕೈಗೆ ಬಂತೋ ಇಲ್ಲವೋ, ಅದೆಲ್ಲ ಕಥೆಗಾರನಿಗೆ ಬೇಡ.